ಕಾಣದ ನೋವಿಗೆ ಸಾಕ್ಷಿ ಯಾರು?

ಹಳೆಯ ಹಸ್ತಪ್ರತಿಗಳನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಗ್ರಂಥ ಮುಗಿದ ಮೇಲೆ, ಕೊನೆಯ ಗರಿಯಲ್ಲಿ, ಪ್ರತಿ ಮಾಡಿದ ಲಿಪಿಕಾರ ತನ್ನದೊಂದು ಮಾತು ಸೇರಿಸುವುದುಂಟು. ಭಾರತದ ನಾನಾ ಕಡೆಯ ಹಸ್ತಪ್ರತಿಗಳಲ್ಲಿ ಸಿಗುವ ಒಂದು ಸಂಸ್ಕೃತ ಶ್ಲೋಕದ ತಾತ್ಪರ್ಯ ಇಷ್ಟು: ಬೆನ್ನು, ಸೊಂಟ, ಕತ್ತು ಮುರಿಯುವಂತೆ ಕುಳಿತು, ತಲೆ ತಗ್ಗಿಸಿ, ಕಣ್ಣು ನೆಟ್ಟು, ಕಷ್ಟದಿಂದ ಬರೆದ ಗ್ರಂಥವಿದು, ಇದನ್ನು ಜೋಪಾನವಾಗಿ ಕಾಪಾಡಬೇಕು. ಲಿಪಿಕಾರ ತನ್ನ ನೋವನ್ನು ಹೇಳಿಕೊಂಡ. ಆದರೆ ಕಾಪಾಡಿ ಎಂದು ಕೇಳಿದ್ದು ಗ್ರಂಥವನ್ನು, ತನ್ನ ಬೆನ್ನನ್ನಲ್ಲ.

ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಸಾವಿರಾರು ಸಲ ಮಾಡುವುದರಿಂದ ಕೈ, ತೋಳು, ಕತ್ತು, ಭುಜಗಳಲ್ಲಿ ಬರುವ ನೋವಿಗೆ ಇಂದು ‘ರಿಪಿಟಿಟಿವ್ ಸ್ಟ್ರೇನ್ ಇಂಜುರಿ’, ಚಿಕ್ಕದಾಗಿ ‘ಆರ್‌ಎಸ್‌ಐ’ ಎಂಬ ಹೆಸರು ಬಳಕೆಯಲ್ಲಿದೆ. ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕಾಯಿಲೆ ಇದು ಎಂಬ ಭಾವನೆ ಸಾಮಾನ್ಯ. ಅದು ಸರಿಯಲ್ಲ. ಲೇಖನಿ, ತಂತಿ ಯಂತ್ರ, ಬೆರಳಚ್ಚು ಯಂತ್ರ, ಕೀಲಿಮಣೆ ಹೀಗೆ ಪ್ರತಿ ಕಾಲದ ಉಪಕರಣದ ಜೊತೆಗೂ ಈ ನೋವು ಬಂದಿದೆ. ಅದರ ಹಿಂದೆಯೇ ಒಂದು ಅನುಮಾನವೂ ಬಂದಿದೆ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಬೆಂಕಿ ತಗುಲಿದರೆ ಚರ್ಮವೇ ಹೇಳುತ್ತದೆ. ಈ ನೋವಿಗೆ ಹಲವು ಸಲ ಅಂಥ ಗುರುತಿಲ್ಲ. ಹಾಗಾದರೆ ನೋವಿದೆ ಎಂದು ನಂಬುವವರು ಯಾರು? ವೈದ್ಯರೇ, ನ್ಯಾಯಾಧೀಶರೇ, ಪಕ್ಕದಲ್ಲಿ ಕುಳಿತು ಅದೇ ಕೆಲಸ ಮಾಡುವವರೇ? ಮುನ್ನೂರು ವರ್ಷಗಳ ಈ ಕಾಯಿಲೆಯ ಇತಿಹಾಸ ಬಹುಮಟ್ಟಿಗೆ ಈ ಪ್ರಶ್ನೆಯ ಇತಿಹಾಸವೇ ಆಗಿದೆ.

‘ನಿನ್ನ ಕಸುಬು ಯಾವುದು?’

ಇಟಲಿಯ ಮೊದೆನಾ ನಗರದಲ್ಲಿ ಬೆರ್ನಾರ್ದಿನೊ ರಾಮಾಜ್ಜಿನಿ ಎಂಬ ವೈದ್ಯನಿದ್ದ. ಒಮ್ಮೆ ಅವನ ಮನೆಯ ಮಲದ ಗುಂಡಿಯನ್ನು ಬಳಿಯಲು ಬಂದ ಕೆಲಸಗಾರ ವಿಪರೀತ ಅವಸರದಲ್ಲಿದ್ದುದನ್ನು ಕಂಡು ಕಾರಣ ವಿಚಾರಿಸಿದ. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣೇ ಹೋಗುತ್ತದೆ ಎಂದು ಆತ ಹೇಳಿದ. ರಾಮಾಜ್ಜಿನಿ ಊರಿನಲ್ಲಿ ಅದೇ ಕೆಲಸ ಮಾಡಿ ದೃಷ್ಟಿ ಕಳೆದುಕೊಂಡವರನ್ನು ಗಮನಿಸತೊಡಗಿದ. ಅಲ್ಲಿಂದ ಶುರುವಾದ ಕುತೂಹಲ 1700ರಲ್ಲಿ ಲ್ಯಾಟಿನ್ ಭಾಷೆಯ ಒಂದು ಪುಸ್ತಕವಾಯಿತು. ಕಸುಬುದಾರರ ರೋಗಗಳನ್ನು ಕುರಿತ ಆ ಗ್ರಂಥವನ್ನು ಔದ್ಯೋಗಿಕ ವೈದ್ಯಶಾಸ್ತ್ರದ ಅಡಿಗಲ್ಲು ಎಂದು ಪರಿಗಣಿಸಲಾಗಿದೆ.

ರೋಗಿಯನ್ನು ಏನೇನು ಕೇಳಬೇಕು ಎಂದು ಪ್ರಾಚೀನ ಗ್ರೀಸಿನ ಹಿಪ್ಪೊಕ್ರಟಿಸ್ ಹೇಳಿದ್ದ. ಆ ಪಟ್ಟಿಗೆ ರಾಮಾಜ್ಜಿನಿ ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬು ಯಾವುದು? ಇಂದು ಸಹಜವೆನಿಸುವ ಈ ಪ್ರಶ್ನೆ ಅಂದಿಗೆ ಹೊಸದು. ರೋಗದ ಮೂಲವನ್ನು ದೇಹದೊಳಗಿನ ರಸಗಳ ಏರುಪೇರಿನಲ್ಲೇ ಹುಡುಕುತ್ತಿದ್ದ ಕಾಲವದು. ರೋಗ ಕೆಲಸದ ಜಾಗದಿಂದಲೂ ಬರಬಹುದು ಎಂಬ ಅರಿವು ಈ ಪ್ರಶ್ನೆಯೊಳಗಿತ್ತು.

1713ರ ಎರಡನೆಯ ಆವೃತ್ತಿಯಲ್ಲಿ ಅವನು ಗುಮಾಸ್ತರು ಮತ್ತು ದಸ್ತಾವೇಜು ಬರೆಯುವವರ ಬಗ್ಗೆ ಬರೆದ. ಅವರ ನೋವಿಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕುಳಿತೇ ಇರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ದಿಕ್ಕಿನಲ್ಲಿ ಆಡಿಸುವುದು, ಲೆಕ್ಕ ತಪ್ಪೀತೆಂದು, ಅಕ್ಷರ ತಪ್ಪೀತೆಂದು ಮನಸ್ಸನ್ನು ಸದಾ ಬಿಗಿಹಿಡಿದಿರುವುದು. ತನಗೆ ಪರಿಚಯವಿದ್ದ ಒಬ್ಬ ಬರಹಗಾರನ ಕಥೆಯನ್ನೂ ಅವನು ಹೇಳಿದ್ದಾನೆ. ಜೀವನವಿಡೀ ಬರೆದು ಹಣ ಸಂಪಾದಿಸಿದ ಆತನ ಬಲತೋಳು ಮೊದಲು ಸೋತಿತು, ಆಮೇಲೆ ಸ್ವಾಧೀನವೇ ತಪ್ಪಿತು. ಆತ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲಿ ಆ ಕೈಗೂ ಅದೇ ಗತಿಯಾಯಿತು.

ದೇಹದ ಭಂಗಿ, ಚಲನೆಯ ಪುನರಾವರ್ತನೆ, ಮನಸ್ಸಿನ ಒತ್ತಡ. ಇಂದಿನ ತಜ್ಞರೂ ಬಹುಪಾಲು ಇವೇ ಮೂರನ್ನು ಎಣಿಸುತ್ತಾರೆ. ಮೂರನ್ನೂ ಒಟ್ಟಿಗೆ ನೋಡಿದ್ದು ರಾಮಾಜ್ಜಿನಿಯ ಹೆಚ್ಚುಗಾರಿಕೆ. ಅವನ ನಂತರದವರು ಅವುಗಳನ್ನು ಬೇರೆಬೇರೆ ಮಾಡಿ, ನೋವು ಕೈಯದೋ ಮನಸ್ಸಿನದೋ ಎಂದು ಜಗಳವಾಡಿದರು.

ತಂತಿ ನೌಕರರ ಸೆಳೆತ

ಹತ್ತೊಂಬತ್ತನೆಯ ಶತಮಾನದಲ್ಲಿ ಕಚೇರಿಗಳು ಬೆಳೆದವು. ಬ್ರಿಟನ್ನಿನಲ್ಲಿ ಗುಮಾಸ್ತರ ಸಂಖ್ಯೆ ಏರಿತು. ಹಕ್ಕಿಯ ಗರಿಯ ಲೇಖನಿ ಹೋಗಿ ಉಕ್ಕಿನ ನಿಬ್ಬು ಬಂತು. 1830ರ ದಶಕದ ಹೊತ್ತಿಗೆ ‘ಬರಹಗಾರರ ಸೆಳೆತ’ ವೈದ್ಯರ ಬರಹಗಳಲ್ಲಿ ಕಾಣಿಸಿಕೊಂಡಿತು. ಬೇರೆಲ್ಲ ಕೆಲಸಕ್ಕೂ ಸರಿಯಿರುವ ಕೈ, ಲೇಖನಿ ಹಿಡಿದೊಡನೆ ಸೆಟೆದುಕೊಳ್ಳುತ್ತಿತ್ತು. ತಪ್ಪೆಲ್ಲ ಉಕ್ಕಿನ ನಿಬ್ಬಿನದೇ ಎಂದವರೂ ಇದ್ದರು.

ಅನಂತರ ಬಂದದ್ದು ತಂತಿ. ಮೋರ್ಸ್ ಕೀಲಿಯನ್ನು ದಿನವಿಡೀ ಕುಟ್ಟುವ ನೌಕರರ ಕೈಗಳು ಸೋಲತೊಡಗಿದವು. 1875ರಲ್ಲಿ ಫ್ರಾನ್ಸಿನ ವೈದ್ಯ ಒನಿಮಸ್ ಈ ‘ತಂತಿ ಕಾಯಿಲೆ’ಯನ್ನು ವರ್ಣಿಸಿದರು. 1882ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ರೋಗಿಗಳ ವಿವರ ಪ್ರಕಟವಾಯಿತು. ಅಮೆರಿಕದ ತಂತಿ ನೌಕರರು ಇದಕ್ಕೆ ಇಟ್ಟ ಹೆಸರು ‘ಗಾಜಿನ ತೋಳು’. ಅಲ್ಲಿಯ ಹೊರೇಸ್ ಮಾರ್ಟಿನ್ 1904ರಲ್ಲಿ ಹಕ್ಕುಪತ್ರ ಪಡೆದ ಒಂದು ಕೀಲಿಯನ್ನು ಮೇಲೆ ಕೆಳಗೆ ಕುಟ್ಟಬೇಕಿರಲಿಲ್ಲ. ಅಕ್ಕಪಕ್ಕಕ್ಕೆ ಆಡಿಸಿದರೆ ಸಾಕಿತ್ತು. ಚುಕ್ಕೆಗಳು ತಾವಾಗಿಯೇ ಬರುತ್ತಿದ್ದವು. ‘ವೈಬ್ರೊಪ್ಲೆಕ್ಸ್’ ಎಂಬ ಹೆಸರಿನಲ್ಲಿ ಇದು ಜನಪ್ರಿಯವಾಗಲು ಅದು ಕೊಡುತ್ತಿದ್ದ ವೇಗದಷ್ಟೇ ಕೈಗೆ ಸಿಗುತ್ತಿದ್ದ ಆರಾಮವೂ ಕಾರಣ.

ಬ್ರಿಟನ್ನಿನಲ್ಲಿ ಪರಿಹಾರ ಕಾನೂನಿನ ಮೂಲಕ ಬಂತು. 1906ರ ಕಾರ್ಮಿಕ ಪರಿಹಾರ ಕಾಯಿದೆ ಅಪಘಾತಗಳ ಜೊತೆಗೆ ಕೆಲವು ಕಸುಬಿನ ರೋಗಗಳಿಗೂ ಪರಿಹಾರ ಕೊಡಲು ಒಪ್ಪಿತು. ಸೀಸ, ಪಾದರಸದ ವಿಷಬಾಧೆಯಂಥ ಆರು ರೋಗಗಳು ಮೊದಲ ಪಟ್ಟಿಯಲ್ಲಿದ್ದವು. 1908ರಲ್ಲಿ ತಂತಿ ನೌಕರರ ಸೆಳೆತವೂ ಪಟ್ಟಿ ಸೇರಿತು. ಕೈನೋವಿಗೆ ಸರ್ಕಾರ ಕೊಟ್ಟ ಮನ್ನಣೆ ಅದು.

ಮನ್ನಣೆ ಸಿಕ್ಕಿದ ಮೇಲೆ ರೋಗಿಗಳ ಸಂಖ್ಯೆ ಏರಿತು. ಸರ್ಕಾರ ಸಮಿತಿಯೊಂದನ್ನು ನೇಮಿಸಿತು. ಅದು 1911ರಲ್ಲಿ ವರದಿ ಕೊಟ್ಟಿತು. ಕೀಲಿ ಕುಟ್ಟುವ ದಣಿವು ಒಂದು ಕಾರಣ, ನೌಕರನ ನರಗಳ ದೌರ್ಬಲ್ಯ ಇನ್ನೊಂದು ಕಾರಣ ಎಂಬುದು ಅದರ ತೀರ್ಮಾನ. ಅರ್ಧ ತಪ್ಪು ಕೆಲಸದ್ದು, ಅರ್ಧ ತಪ್ಪು ಕೆಲಸಗಾರನದು ಎಂದಂತಾಯಿತು. ಪರಿಹಾರದ ಆಸೆಯಿಂದ ನೋವು ಹೆಚ್ಚಿತು ಎಂದು ಕೆಲವರು ಹೇಳಿದರು. ನೌಕರಿ ಹೋದೀತೆಂದು ಅಲ್ಲಿಯವರೆಗೆ ಮುಚ್ಚಿಟ್ಟವರು ಈಗ ಬಾಯಿಬಿಟ್ಟರು ಎಂದೂ ಅದನ್ನೇ ಅರ್ಥೈಸಬಹುದಿತ್ತು. ಅಂಕಿಗಳು ಏರಿದವೆಂದ ಮಾತ್ರಕ್ಕೆ ಎರಡರಲ್ಲಿ ಯಾವುದು ನಿಜ ಎಂದು ತಿಳಿಯುವುದಿಲ್ಲ.

ಈ ಕಥೆಗೆ ಒಂದು ಉಪಸಂಹಾರವಿದೆ. ಬರಹಗಾರರ ಸೆಳೆತವನ್ನು ಬಹಳ ಕಾಲ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕಲಾಗಿತ್ತು. ಅದು ಮಿದುಳಿನ ಚಲನಾ ನಿಯಂತ್ರಣಕ್ಕೆ ಸಂಬಂಧಿಸಿದ ‘ಡಿಸ್ಟೋನಿಯಾ’ ಎಂದು 1982ರಲ್ಲಿ ಇಬ್ಬರು ನರರೋಗ ತಜ್ಞರು, ಶೀಹಿ ಮತ್ತು ಮಾರ್ಸ್‌ಡನ್, ವಾದಿಸಿದರು. ಆ ಅಭಿಪ್ರಾಯವೇ ಈಗ ವೈದ್ಯರಲ್ಲಿ ನೆಲೆಗೊಂಡಿದೆ. ‘ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ’ ಎಂಬುದಕ್ಕೂ ‘ಏನೂ ಇಲ್ಲ’ ಎಂಬುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಇದೊಂದು ಉದಾಹರಣೆ.

ಜಪಾನಿನ ಎಣಿಕೆ, ಆಸ್ಟ್ರೇಲಿಯದ ಅಲೆ

ಕಂಪ್ಯೂಟರಿನ ಮೊದಲ ದಿನಗಳಲ್ಲಿ ಮಾಹಿತಿಯನ್ನು ರಟ್ಟಿನ ಕಾರ್ಡುಗಳ ಮೇಲೆ ತೂತು ಮಾಡಿ ತುಂಬುತ್ತಿದ್ದರು. ಜಪಾನಿನಲ್ಲಿ ಈ ಕೆಲಸ ಮಾಡುತ್ತಿದ್ದ ಯುವತಿಯರಲ್ಲಿ ಕೈ, ಕತ್ತಿನ ನೋವು ವ್ಯಾಪಕವಾಯಿತು. 1964ರಲ್ಲಿ ಅಲ್ಲಿಯ ಕಾರ್ಮಿಕ ಸಚಿವಾಲಯ ಮಿತಿಗಳನ್ನು ಸೂಚಿಸಿತು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಈ ಕೆಲಸ ಬೇಡ, ಗಂಟೆಗೆ ಹತ್ತು ನಿಮಿಷ ವಿರಾಮ, ದಿನಕ್ಕೆ 40,000ಕ್ಕಿಂತ ಹೆಚ್ಚು ಸಲ ಕೀಲಿ ಒತ್ತುವಂತಿಲ್ಲ. ಹೊರೆಗೆ ತೂಕದ ಮಿತಿ ಇರುವ ಹಾಗೆ ಬೆರಳಿನ ಕೆಲಸಕ್ಕೂ ಎಣಿಕೆಯ ಮಿತಿ ಬಂತು.

ಆಸ್ಟ್ರೇಲಿಯದಲ್ಲಿ ಇದೇ ವಿಷಯ ಇಡೀ ದೇಶದ ವಾಗ್ವಾದವಾಯಿತು. 1982ರಲ್ಲಿ ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ನೋವುಗಳ ಬಗ್ಗೆ ಮಾರ್ಗದರ್ಶಿಯನ್ನು ಹೊರತಂದಿತು. ಆರ್‌ಎಸ್‌ಐ ಎಂಬ ಮೂರಕ್ಷರ ಮನೆಮಾತಾಯಿತು. 1983ರಿಂದ 1985ರವರೆಗೆ ದೂರುಗಳು ಅಲೆಯಂತೆ ಏರಿ, ಆಮೇಲೆ ಇಳಿದವು. ನೋವಿಗೆ ‘ಕಾಂಗರೂ ಪಂಜ’ ಎಂಬ ಅಡ್ಡಹೆಸರು ಬಿತ್ತು. ಇದೊಂದು ಸಾಮೂಹಿಕ ಮನೋವಿಕಾರ ಎಂದು ಕೆಲವು ವೈದ್ಯರು ಬರೆದರು. ಇದನ್ನು ‘ಇಂಜುರಿ’, ಅಂದರೆ ಪೆಟ್ಟು ಎಂದು ಕರೆಯುವುದೇ ತಪ್ಪು ಎಂದು 1986ರಲ್ಲಿ ಅಲ್ಲಿಯ ವೈದ್ಯರ ಕಾಲೇಜು ಹೇಳಿತು.

ಆಸ್ಟ್ರೇಲಿಯದ ದೂರವಾಣಿ ಸಂಸ್ಥೆಯ ಅಂಕಿಗಳು ಎರಡು ಕಡೆಯವರನ್ನೂ ತಬ್ಬಿಬ್ಬು ಮಾಡುವಂತಿದ್ದವು. ಅತಿ ಹೆಚ್ಚು ಸಲ ಕೀಲಿ ಒತ್ತುತ್ತಿದ್ದ ತಂತಿ ನೌಕರರಲ್ಲಿ ದೂರುಗಳು ಕಡಿಮೆ. ಅವರಿಗಿಂತ ಎಷ್ಟೋ ಕಡಿಮೆ ಒತ್ತುತ್ತಿದ್ದ ಟೆಲಿಫೋನ್ ಆಪರೇಟರುಗಳಲ್ಲಿ ಹೆಚ್ಚು. ಹಾಗಾದರೆ ಬೆರಳಿನ ಲೆಕ್ಕವೊಂದೇ ಸಾಲದು. ಕೆಲಸದ ವೇಗವನ್ನು ನಿರ್ಧರಿಸುವವರು ಯಾರು, ನಡುವೆ ಎದ್ದು ಓಡಾಡಬಹುದೇ, ಕುರ್ಚಿ ಮೇಜು ಹೇಗಿವೆ, ಮೇಲ್ವಿಚಾರಕರ ಕಣ್ಣು ಎಷ್ಟು ಬಿಗಿ ಎಂಬುದೂ ಲೆಕ್ಕಕ್ಕೆ ಬರಬೇಕು. ರಾಮಾಜ್ಜಿನಿಯ ಮೂರನೆಯ ಕಾರಣ ಹೀಗೆ ಮತ್ತೆ ಮುಂದೆ ಬಂತು. ಮನಸ್ಸಿನ ಒತ್ತಡವೂ ಸೇರಿದೆ ಎಂದರೆ ನೋವು ಸುಳ್ಳು ಎಂದರ್ಥವಲ್ಲ. ಆದರೆ ಆ ಕಾಲದ ಗದ್ದಲದಲ್ಲಿ ಈ ಸೂಕ್ಷ್ಮ ಹಲವರಿಗೆ ಕೇಳಿಸಲಿಲ್ಲ.

ನ್ಯಾಯಾಲಯದ ಮೆಟ್ಟಿಲು

ನ್ಯಾಯಾಲಯಕ್ಕೆ ಹೋದವರು ಎರಡು ಸಂಗತಿಗಳನ್ನು ರುಜುವಾತು ಮಾಡಬೇಕಿತ್ತು. ಒಂದು, ನೋವಿಗೆ ಕೆಲಸವೇ ಕಾರಣ. ಎರಡು, ಹೀಗಾದೀತು ಎಂದು ಮಾಲೀಕರು ಮೊದಲೇ ಊಹಿಸಬಹುದಿತ್ತು, ಆದರೂ ಎಚ್ಚರ ವಹಿಸಲಿಲ್ಲ.

ಆಸ್ಟ್ರೇಲಿಯದ ತೆರಿಗೆ ಇಲಾಖೆಯ ನೌಕರರೊಬ್ಬರು ಹೂಡಿದ ದಾವೆ 1987ರಲ್ಲಿ ವಿಕ್ಟೋರಿಯ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಬ್ರಿಟನ್ನಿನಲ್ಲಿ 1993 ವಿಚಿತ್ರವಾದ ವರ್ಷ. ಕಂಪ್ಯೂಟರ್ ಪರದೆಯ ಮುಂದೆ ಕೆಲಸ ಮಾಡುವವರ ಕುರ್ಚಿ, ಮೇಜು, ವಿರಾಮಗಳ ಬಗ್ಗೆ ಮಾಲೀಕರು ಗಮನ ಕೊಡಲೇಬೇಕೆಂಬ ನಿಯಮಗಳು ಆ ವರ್ಷದ ಜನವರಿ 1ರಂದು ಜಾರಿಗೆ ಬಂದವು. ಅದೇ ವರ್ಷ ಲಂಡನ್ನಿನ ಪತ್ರಕರ್ತರೊಬ್ಬರ ದಾವೆಯನ್ನು ವಜಾ ಮಾಡುತ್ತ ನ್ಯಾಯಾಧೀಶ ಪ್ರೊಸರ್, ಆರ್‌ಎಸ್‌ಐ ಎಂಬುದಕ್ಕೆ ಅರ್ಥವೇ ಇಲ್ಲ, ವೈದ್ಯಗ್ರಂಥಗಳಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಕೆಲವೇ ತಿಂಗಳ ನಂತರ, 1994ರ ಆರಂಭದಲ್ಲಿ, ಬ್ರಿಟನ್ನಿನ ತೆರಿಗೆ ಇಲಾಖೆ ಟೈಪಿಸ್ಟ್ ಒಬ್ಬರಿಗೆ 79,000 ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು.

1998ರಲ್ಲಿ ಎರಡು ಪ್ರಕರಣಗಳು ತೀರ್ಮಾನವಾದವು. ಮೊದಲನೆಯದು ಐಸಿಐ ಕಂಪನಿಯ ಕಾರ್ಯದರ್ಶಿಯೊಬ್ಬರದು. ಮೊದಲ ನ್ಯಾಯಾಲಯದಲ್ಲಿ ಸೋತು, ಮೇಲ್ಮನವಿಯಲ್ಲಿ ಗೆದ್ದ ಅವರು ಕೊನೆಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ನೋವು ದೈಹಿಕವೋ ಮಾನಸಿಕವೋ ಎಂಬ ಬಗ್ಗೆ ತಜ್ಞ ವೈದ್ಯರೇ ಎರಡು ಪಾಲಾಗಿದ್ದರು. ಟೈಪಿಂಗ್‌ನಿಂದಲೇ ಬಂತು ಎಂದು ತೋರಿಸುವ ಹೊಣೆ ಅವರದೇ, ಅದು ಸಾಬೀತಾಗಿಲ್ಲ ಎಂದಿತು ತೀರ್ಪು. ಕಾರ್ಯದರ್ಶಿಯ ಕೆಲಸದಲ್ಲಿ ಟೈಪಿಂಗ್ ಅಲ್ಲದೆ ಬೇರೆ ಕೆಲಸಗಳೂ ಇದ್ದು, ವಿರಾಮವನ್ನು ತಾವೇ ಹೊಂದಿಸಿಕೊಳ್ಳಬಹುದಿತ್ತು ಎಂಬುದೂ ಅವರಿಗೆ ವಿರುದ್ಧವಾಯಿತು. ಲಾರ್ಡ್ ಸ್ಟೇನ್ ಮಾತ್ರ ಭಿನ್ನಮತ ದಾಖಲಿಸಿದರು.

ಎರಡನೆಯದು ಮಿಡ್‌ಲ್ಯಾಂಡ್ ಬ್ಯಾಂಕಿನ ಐವರು ಮಹಿಳೆಯರದು. ಚೆಕ್ಕುಗಳ ವಿವರಗಳನ್ನು ಯಂತ್ರಕ್ಕೆ ಊಡಿಸುವುದು ಅವರ ಕೆಲಸ. ಯಾರು ಗಂಟೆಗೆ ಎಷ್ಟು ಮಾಡಿದರು ಎಂಬ ಲೆಕ್ಕವಿತ್ತು. ವೇಗ ಹೆಚ್ಚಿಸುವ ಒತ್ತಡವಿತ್ತು. ಬ್ಯಾಂಕ್ ನೌಕರರ ಸಂಘ ಅವರ ಬೆನ್ನಿಗೆ ನಿಂತಿತು. ಅವರು ಗೆದ್ದರು, 1999ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ನೋವು ಹುಟ್ಟುವ ಬಗೆಯನ್ನು ವೈದ್ಯಶಾಸ್ತ್ರ ಪೂರ್ತಿಯಾಗಿ ವಿವರಿಸಲಾರದಿದ್ದರೂ ನೋವು ದೈಹಿಕವಾದುದು, ಕೆಲಸದಿಂದ ಬಂದದ್ದು ಎಂದು ನ್ಯಾಯಾಲಯ ಒಪ್ಪಿತು.

ಈ ಎರಡು ತೀರ್ಪುಗಳ ನಡುವಿನ ವ್ಯತ್ಯಾಸಕ್ಕೆ ಕಾನೂನಿನ ಕಾರಣಗಳು ಹಲವಿವೆ. ಸಾಮಾನ್ಯ ಓದುಗರಿಗೆ ಎದ್ದು ಕಾಣುವುದು ಬೇರೊಂದು. ಒಬ್ಬರೇ ಹೇಳಿದ ನೋವನ್ನು ಆ ವ್ಯಕ್ತಿಯ ಸ್ವಭಾವಕ್ಕೆ ಅಂಟಿಸುವುದು ಸುಲಭ. ಒಂದೇ ಕೋಣೆಯಲ್ಲಿ, ಒಂದೇ ಯಂತ್ರದ ಮುಂದೆ ಕುಳಿತ ಐವರೂ ಅದನ್ನೇ ಹೇಳಿದಾಗ ಕೋಣೆಯ ಕಡೆಗೇ ನೋಡಬೇಕಾಗುತ್ತದೆ.

ಅಮೆರಿಕದಲ್ಲಿ ವಿಷಯ ರಾಜಕೀಯಕ್ಕೆ ಹೋಯಿತು. ಇಂಥ ನೋವುಗಳನ್ನು ತಡೆಯಲು ಮಾಲೀಕರು ಏನು ಮಾಡಬೇಕು ಎಂಬ ನಿಯಮಗಳನ್ನು 2000ದ ನವೆಂಬರಿನಲ್ಲಿ ಅಲ್ಲಿಯ ಕಾರ್ಮಿಕ ಇಲಾಖೆ ಪ್ರಕಟಿಸಿತು. ವೆಚ್ಚ ಅತಿಯಾಯಿತೆಂದು ಉದ್ಯಮಗಳು ವಿರೋಧಿಸಿದವು. 2001ರ ಮಾರ್ಚಿನಲ್ಲಿ ಸಂಸತ್ತು ಅವುಗಳನ್ನು ರದ್ದುಮಾಡಿತು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅಂಕಿತ ಹಾಕಿದರು.

ವೈದ್ಯರು ಏನು ನೋಡುತ್ತಾರೆ?

ಆರ್‌ಎಸ್‌ಐ ಒಂದೇ ರೋಗವಲ್ಲ. ಹಲವು ತೊಂದರೆಗಳಿಗೆ ಹಾಕಿದ ಒಂದು ಕೊಡೆ. ಕೆಲವಕ್ಕೆ ಸ್ಪಷ್ಟ ಗುರುತುಗಳಿವೆ. ಮಣಿಕಟ್ಟಿನಲ್ಲಿ ಹಾದುಹೋಗುವ ನರ ಒತ್ತಡಕ್ಕೆ ಸಿಕ್ಕಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಇದು ಕಾರ್ಪಲ್ ಟನಲ್ ಸಿಂಡ್ರೋಮ್. ನರದ ವೇಗವನ್ನು ಅಳೆದು ಇದನ್ನು ದೃಢಪಡಿಸಬಹುದು. ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳ ಕವಚ ದಪ್ಪಗಾಗಿ ನೋಯುವ ಸ್ಥಿತಿಯನ್ನು ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕೆರ್ವೆನ್ 1895ರಲ್ಲಿ ವರ್ಣಿಸಿದರು. ಅದು ಅವರ ಹೆಸರಿನಲ್ಲೇ ಇದೆ. ಬಡಗಿ, ಬಣ್ಣ ಬಳಿಯುವವರಿಗೂ ಬರುವ ಮೊಣಕೈ ನೋವಿಗೆ ಟೆನಿಸ್ ಎಲ್ಬೊ ಎಂಬ ಹೆಸರು. ಇವುಗಳಾಚೆ, ತೋಳಿಡೀ ಹರಡಿಕೊಂಡಿದ್ದು ಯಾವ ಪರೀಕ್ಷೆಗೂ ಸಿಗದ ನೋವು ಇನ್ನೊಂದು ವರ್ಗ. ಜಗಳವೆಲ್ಲ ಬಹುಮಟ್ಟಿಗೆ ಈ ಕೊನೆಯದರ ಸುತ್ತ.

ಎಲ್ಲ ಕೈನೋವಿಗೂ ಕೆಲಸವೇ ಕಾರಣವಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮಧುಮೇಹ, ಥೈರಾಯ್ಡ್ ತೊಂದರೆ, ಸಂಧಿವಾತ, ಬಸಿರು ಇವುಗಳಿಂದಲೂ ಕೈ ಜೋಮು ಹಿಡಿಯಬಹುದು, ನೋಯಬಹುದು. ಬಲ ಹಾಕಿ ಮಾಡುವ ಕೆಲಸ, ಕಂಪಿಸುವ ಯಂತ್ರಗಳು ಕಾರ್ಪಲ್ ಟನಲ್ ತೊಂದರೆ ತರುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಕೀಲಿಮಣೆಯ ವಿಷಯದಲ್ಲಿ ಆಧಾರ ಅಷ್ಟು ಗಟ್ಟಿಯಿಲ್ಲ. ಆದ್ದರಿಂದಲೇ ಸರಿಯಾದ ತಪಾಸಣೆ ಮುಖ್ಯ. ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡುವಾಗ, ಯಾವ ಬೆರಳು ನೋಯುತ್ತದೆ, ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂಬ ನಾಲ್ಕು ಸಾಲಿನ ಟಿಪ್ಪಣಿ ವೈದ್ಯರಿಗೂ ದಾರಿ ತೋರಿಸುತ್ತದೆ, ವಕೀಲರಿಗೂ ಆಧಾರವಾಗುತ್ತದೆ. ನೋವು ಬೇರೂರುವ ಮೊದಲೇ ಹೋದರೆ ಗುಣವಾಗುವ ಸಾಧ್ಯತೆಯೂ ಹೆಚ್ಚು.

ಜೊತೆಗಿರುವವರು

ಇತಿಹಾಸದಲ್ಲಿ ಈ ನೋವಿಗೆ ಮನ್ನಣೆ ಸಿಕ್ಕಿದಾಗಲೆಲ್ಲ ಹಿಂದೆ ಒಂದು ಗುಂಪು ಕಾಣುತ್ತದೆ. ಆಸ್ಟ್ರೇಲಿಯದಲ್ಲಿ ನೋವುಂಡ ಮಹಿಳೆಯರೇ ಸೇರಿ ಪರಸ್ಪರ ನೆರವಿನ ಕೂಟಗಳನ್ನು ಕಟ್ಟಿಕೊಂಡರು. ಬ್ರಿಟನ್ನಿನಲ್ಲಿಯೂ ಅಂಥ ಸಂಘ ಹುಟ್ಟಿತು. ಅಲ್ಲಿ ಸಿಗುತ್ತಿದ್ದುದು ಔಷಧಿಯಲ್ಲ. ಯಾವ ವೈದ್ಯರು ತಾಳ್ಮೆಯಿಂದ ಕೇಳುತ್ತಾರೆ, ಅರ್ಜಿ ಹೇಗೆ ಬರೆಯಬೇಕು, ಒಂದು ಕೈಯಲ್ಲಿ ಮಗುವಿಗೆ ಹೇಗೆ ಸ್ನಾನ ಮಾಡಿಸುವುದು ಎಂಬಂಥ ಸಣ್ಣ ತಿಳಿವಳಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ನೀನು ನಟಿಸುತ್ತಿಲ್ಲ ಎಂದು ಹೇಳುವ ಒಬ್ಬರು. 2010ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಔದ್ಯೋಗಿಕ ರೋಗಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಸ್ನಾಯು ಮತ್ತು ಕೀಲುಗಳ ತೊಂದರೆಗಳಿಗೆ ಅದರಲ್ಲಿ ಪ್ರತ್ಯೇಕ ಜಾಗ ಸಿಕ್ಕಿತು. ಕಾರ್ಪಲ್ ಟನಲ್ ಸಿಂಡ್ರೋಮಿನ ಹೆಸರೂ ಅದರಲ್ಲಿದೆ.

ಗುಂಪೇ ಇಲ್ಲದ ಕೆಲಸಗಾರರ ಗತಿ ಬೇರೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯವರಿಗೆ ಕೀಲಿಮಣೆಯ ನೋವಿನ ಇಂಗ್ಲಿಷ್ ಹೆಸರಾದರೂ ಗೊತ್ತಿರುತ್ತದೆ. ದಕ್ಷಿಣ ಕನ್ನಡದ ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಹೆಂಗಸಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಕತ್ತರಿಸುವುದು, ಸುರುಳಿ ಸುತ್ತುವುದು, ತುದಿ ಮಡಿಸುವುದು, ನೂಲು ಕಟ್ಟುವುದು: ಒಂದೊಂದು ಬೀಡಿಗೂ ಅದೇ ಬೆರಳು, ಅದೇ ಚಲನೆ. ಅವಳ ಕೆಲಸದ ಜಾಗ ಅವಳ ಮನೆಯೇ. ಕುರ್ಚಿಯ ಎತ್ತರ ನೋಡಲು ಅಲ್ಲಿ ಯಾರೂ ಬರುವುದಿಲ್ಲ. ಕೈ ನೋಯುತ್ತದೆ ಎಂದರೆ ವಯಸ್ಸಾಯಿತು, ಮನೆಗೆಲಸ ಜಾಸ್ತಿಯಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ.

ರಾಮಾಜ್ಜಿನಿಯ ಪ್ರಶ್ನೆಗೆ ಮುನ್ನೂರು ವರ್ಷ ಕಳೆದಿದೆ. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಪಕ್ಕದಲ್ಲಿ ಕಸುಬನ್ನೂ ಬರೆದು, ‘ದಿನಕ್ಕೆ ಎಷ್ಟು ಹೊತ್ತು, ಹೇಗೆ ಕುಳಿತು?’ ಎಂದು ಕೇಳಲು ಒಂದು ನಿಮಿಷ ಸಾಕು. ಅಷ್ಟು ಕೇಳಿ ಬರೆದಿಟ್ಟರೆ ಕಾಣದ ನೋವಿಗೆ ಕಾಗದದ ಮೇಲೆ ಒಂದು ಸಾಕ್ಷಿಯಾದರೂ ಉಳಿಯುತ್ತದೆ. ಗ್ರಂಥವನ್ನು ಕಾಪಾಡಿ ಎಂದ ಲಿಪಿಕಾರನ ಮಾತನ್ನು ನಮ್ಮ ಹಿರಿಯರು ನಡೆಸಿಕೊಟ್ಟರು. ಬರೆದ ಕೈಯನ್ನು ಕಾಪಾಡುವ ಕೆಲಸ ಇನ್ನೂ ಬಾಕಿಯಿದೆ.